ಚೊಂಬು ಹಿಡಿದವರ ಸಲಹೆ

ಸಂಕ್ರಾಂತಿ ಕಳೆದು ನಾಲ್ಕಾರು ದಿನವಾಗಿತ್ತು. ಕೋಳಿಯೊಂದು ಹೊತ್ತಿಗೆ ಮುಂಚೆಯೇ ಕೂಗಿ, ತನ್ನ ತಪ್ಪು ತಿಳಿದು ಸುಮ್ಮನಾಗಿತ್ತು. ಬೆಳಕು ಹರಿಯಲು ಇನ್ನೂ ಒಂದು ಜೋಂಪಿನಷ್ಟು ಹೊತ್ತಿತ್ತು. ಆಗ ಜಾಲಿ ಮೆಳೆಯ ಮೇಲೆ ಮೋಟರ್ ಸೈಕಲ್ಲಿನ ಬೆಳಕು ಬಿತ್ತು.

"ಏಳ್ರೇ! ಏಳ್ರೇ ಮ್ಯಾಕೆ, ಲೌಡೇರಾ! ದಾರಿ ಪಕ್ಕದಾಗೇ ಕುಂತವೆ ನೋಡು, ಎಮ್ಮೆ ಹಿಂಡು ಕುಂತಂಗೆ!"

ಮೆಳೆಯೊಳಗೆ ಕೂತಿದ್ದ ಹೆಂಗಸರು ಒಟ್ಟಿಗೇ ಎದ್ದರು. ಎದ್ದು, ಸೀರೆ ಇಳಿಬಿಟ್ಟು, ಸೆರಗನ್ನು ಮುಖದ ಮೇಲೆಳೆದುಕೊಂಡು, ಬೆಳಕಿಗೆ ಬೆನ್ನು ಮಾಡಿ ನಿಂತರು. ಯರ್ರಮ್ಮ ಮಾತ್ರ ಅರ್ಧ ಎದ್ದಳು. ಬಲಗಾಲಿನ ಮಂಡಿ ಹಿಡಿದುಕೊಂಡಿತು. ಕೈ ಊರಿದಳು, ಊರಿದ ಕಡೆ ಮುಳ್ಳು. ಮುಳ್ಳು ಅಂಗೈಗೆ ಇಳಿದರೂ ಬಾಯಿ ಬಿಡದೆ, ಪಕ್ಕದಲ್ಲಿದ್ದ ಸಾಬರ ಓಣಿಯ ಸುಗ್ರಾ ಬೀಯ ಸೆರಗು ಹಿಡಿದು ಹೇಗೋ ಮೇಲೆದ್ದಳು.

ಗಾಡಿ ನಿಲ್ಲಿಸಿದವನು ಎರ್ರಿಸ್ವಾಮಿ ಸಾವ್ಕಾರ. ಸೀಗೆಪೇಟೆಯ ಶೇಂಗಾ ಮಿಲ್ಲು ಅವನದು. ಮೆಳೆಯ ಆಚೆಗೆ ಹೊಸದಾಗಿ ಬಿಳಿ ಕಲ್ಲು ನೆಟ್ಟ ಲೇಔಟು ಅವನದು. ಊರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ ಏರಿದ ಮೇಲೆ ಅಧ್ಯಕ್ಷನ ಕುರ್ಚಿಯೂ ಅವನದೇ ಆಯಿತು.

"ನಾಳೆ ಸೈಟು ತಗಳಾಕೆ ಬಳ್ಳಾರಿಯಿಂದ ಮಂದಿ ಬರ್ತಾರೆ. ಬಂದೋರು ನಿಮ್ಮ ಮುಕಳಿ ನೋಡಿ ಅಡ್ವಾನ್ಸು ಕೊಡ್ಬೇಕೇನ್ರೇ? ಊರ ಬಾಗಿಲಾಗೆ ಅಷ್ಟು ದೊಡ್ಡ ಬೋರ್ಡು ಹಾಕ್ಸೀನಿ, ಬಯಲು ಶೌಚ ಮುಕ್ತ ಪಟ್ಟಣ ಅಂತ. ಅದರ ಬುಡದಾಗೇ ಕುಂತ್ಕಂತೀರಲ್ಲೇ ಹಡಬೇರಾ!"

ಯಾರೂ ಮಾತಾಡಲಿಲ್ಲ. ಮಾತಾಡಿದರೆ ದನಿಯಿಂದ ಗುರುತು ಸಿಗುತ್ತದೆ. ಗಂಡಸರ ಬೆಳಕು ಬಿದ್ದರೆ ಏಳಬೇಕು, ಬೆನ್ನು ಮಾಡಬೇಕು, ಬಾಯಿ ಮುಚ್ಚಬೇಕು, ಬೆಳಕು ದಾಟಿದ ಮೇಲೆ ಕೂರಬೇಕು. ಕಾಲೋನಿಯಲ್ಲಿ ಹೆಣ್ಣುಮಕ್ಕಳಿಗೆ ಶೇಂಗಾ ಆರಿಸುವುದನ್ನು ಕಲಿಸುವುದಕ್ಕೆ ಮುಂಚೆ ಇದನ್ನು ಕಲಿಸುತ್ತಿದ್ದರು. ಯರ್ರಮ್ಮನಿಗೆ ಅವಳ ಅವ್ವ ಕಲಿಸಿದಾಗ ಆ ದಾರಿಯಲ್ಲಿ ಲಾಟೀನು ಕಟ್ಟಿದ ಎತ್ತಿನ ಗಾಡಿ ಒಂದೋ ಎರಡೋ ಹೋಗುತ್ತಿದ್ದವು. ಗಾಡಿ ಬರುವುದು ದೂರದಿಂದಲೇ ಕೇಳುತ್ತಿತ್ತು, ನಿಧಾನಕ್ಕೆ ಎದ್ದರೂ ಆಗುತ್ತಿತ್ತು. ಈಗ ಹಾಲಿನ ವ್ಯಾನು, ಟ್ರ್ಯಾಕ್ಟರು, ರಾಂಪುರದ ಕಡೆಯ ಲಾರಿ, ಮೋಟರ್ ಸೈಕಲ್ಲು. ಒಂದು ಹೋಯಿತು ಎಂದು ಕೂರುವಷ್ಟರಲ್ಲಿ ಇನ್ನೊಂದು.

ಸಾವ್ಕಾರನ ಗಾಡಿಯ ಸದ್ದು ತಗ್ಗಿದ ಮೇಲೆ ಸುಗ್ರಾ ಬೀ ಬಾಯಿ ಬಿಟ್ಟಳು.

"ತೋಬಾ! ಇಸ್ಕೂಲಿಗೆ ಹೋಗಿದ್ರೂ ಮೇಷ್ಟ್ರು ಇಷ್ಟು ಬಸ್ಕಿ ಹೊಡೆಸ್ತಿರ್ಲಿಲ್ಲ ಕಣೇ ಯರ್ರಿ."

"ನಗಿಸ್ಬ್ಯಾಡ ಕಣೇ, ಮಂಡಿ ಕಿತ್ತು ಬರ್ತೈತೆ," ಎಂದಳು ಯರ್ರಮ್ಮ. ಅಂಗೈಯನ್ನು ಬಾಯಿಗೆ ಹಿಡಿದು ಮುಳ್ಳನ್ನು ಹಲ್ಲಿನಿಂದ ಎಳೆದಳು. ಆಮೇಲೆ ಕೂರಲು ನೋಡಿದಳು. ಕೂತರೆ ಏಳುವುದು ಹೇಗೆ ಎಂದು ಹೆದರಿ, ಕೂರದೆ, ಹೊಟ್ಟೆ ಹಿಡಿದುಕೊಂಡು ಮನೆಗೆ ನಡೆದಳು.

ಕಾಲೋನಿಯಲ್ಲಿ ಪಾಯಿಖಾನೆ ಇರಲಿಲ್ಲವೆಂದಲ್ಲ. ಪ್ರತಿ ಮನೆಯ ಹಿಂದೆಯೂ ಒಂದೊಂದು ಇತ್ತು, ನೀಲಿ ಬಾಗಿಲು, ಬಾಗಿಲ ಮೇಲೆ ಸರ್ಕಾರದ ಸ್ವಚ್ಛತೆಯ ಕನ್ನಡಕದ ಚಿತ್ರ. ಕಾಲೋನಿ ಕೂತಿರುವುದು ಹಾಸುಬಂಡೆಯ ಮೇಲೆ. ಕಂಟ್ರಾಕ್ಟರು ಮೊಣಕಾಲುದ್ದ ಗುಂಡಿ ತೋಡಿ, ಬಂಡೆ ಸಿಕ್ಕಿದ ಕಡೆ ನಿಲ್ಲಿಸಿ, ಮೇಲೆ ಕಲ್ಲು ಮುಚ್ಚಿ ಹೋದ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಹಬ್ಬ. ಒಂದು ಮಳೆಗಾಲ ಮುಗಿಯುವುದರೊಳಗೆ ಗುಂಡಿಗಳೆಲ್ಲ ತುಂಬಿ ಅಂಗಳಕ್ಕೆ ಉಕ್ಕಿದವು. ಆಮೇಲೆ ಒಬ್ಬಳು ಅದರಲ್ಲಿ ಸೌದೆ ಇಟ್ಟಳು, ಒಬ್ಬಳು ಶೇಂಗಾ ಹೊಟ್ಟು ತುಂಬಿದಳು, ಯರ್ರಮ್ಮ ಕೋಳಿ ಸಾಕಿದಳು.

ಇನ್ನೊಂದು ಮಾತನ್ನೂ ಹೇಳಬೇಕು. ಗುಂಡಿ ಉಕ್ಕಿದ ಮುಂದಿನ ವರ್ಷ ಪ್ಯಾಂಟು ತೊಟ್ಟ ಗಂಡಸರಿಬ್ಬರು ಮನೆಮನೆಗೆ ಬಂದು, "ಎಲ್ಲಿಗೆ ಹೋಗ್ತೀರಮ್ಮ, ಮನೇಲೋ ಬಯಲಲ್ಲೋ?" ಎಂದು ಕೇಳಿದ್ದರು. ಗುರುತಿಲ್ಲದ ಗಂಡಸಿಗೆ ಯಾವ ಹೆಂಗಸು ತಾನು ಜಾಲಿ ಮೆಳೆಗೆ ಹೋಗುತ್ತೇನೆ ಎಂದು ಹೇಳಿಯಾಳು? ಯರ್ರಮ್ಮ ಸೆರಗು ಎಳೆದುಕೊಂಡು, "ಮನ್ಯಾಗೇ ಕಣ್ರಪ್ಪ," ಎಂದಿದ್ದಳು. ಸಾಬರ ಓಣಿಯಲ್ಲಿ ಸುಗ್ರಾ ಬೀಯೂ ಅದನ್ನೇ ಅಂದಿದ್ದಳು. ಎಲ್ಲರೂ ಹಾಗೇ ಅಂದಿದ್ದರು, ಮರ್ಯಾದೆ ಉಳಿಯಿತು ಎಂದು ಸಮಾಧಾನಪಟ್ಟಿದ್ದರು.

ಮಾಘದಲ್ಲಿ ಒಂದು ದಿನ ಮೈಕು ಕಟ್ಟಿದ ಆಟೋ ಬೀದಿ ಬೀದಿ ತಿರುಗಿತು. ಪಟ್ಟಣ ಪಂಚಾಯಿತಿಯ ಆಯವ್ಯಯಕ್ಕೆ ಮುಂಚೆ ಸಾರ್ವಜನಿಕರ ಸಭೆ ಇದೆ, ಊರು ಹೇಗಿರಬೇಕು, ಹಣ ಯಾವುದಕ್ಕೆ ಹಾಕಬೇಕು ಎಂದು ನಾಗರಿಕರೇ ಸಲಹೆ ಕೊಡಬೇಕು ಎಂದು ಸಾರಿತು. ಹಿಂದೆಯೇ ತಿಪ್ಪೇರುದ್ರ ಯರ್ರಮ್ಮನ ಮನೆಗೆ ಬಂದ. ಕಾಲೋನಿಯ ವಾರ್ಡಿನಿಂದ ಗೆದ್ದವಳು ಅವನ ಹೆಂಡತಿ ನಿರ್ಮಲಾ. ಗೆದ್ದವಳು ಅವಳು, ಶಾಲು ಹಾಕಿಕೊಂಡು ಓಡಾಡುವವನು ಇವನು.

"ದೊಡ್ಡವ್ವ, ಬುಧವಾರ ಹತ್ತು ಗಂಟೆಗೆ ಸಮುದಾಯ ಭವನಕ್ಕೆ ಬಂದುಬಿಡು. ಎಲ್ಲಾರ್ನೂ ಕರ್ಕಂಡು ಬಾ. ನಮ್ಮೋರು ಕಾಣಿಸ್ಬೇಕು. ಚಾ ಐತೆ, ಬಿಸ್ಕತ್ತೈತೆ."

"ಕೇಳ್ಬೋದೇನಪ್ಪ ನಾವೂ?"

"ಕೇಳಾಕೆ ನಿರ್ಮಲಾ ಇದ್ದಾಳಲ್ಲ. ನೀನು ಬಂದು ಕುಂತ್ಕಂಡ್ರೆ ಸಾಕು."

ಮಿಲ್ಲಿನಲ್ಲಿ ರಾಶಿಯ ಸುತ್ತ ಕೂತು ಶೇಂಗಾ ಆರಿಸುತ್ತಾ ಹೆಂಗಸರು ಇದನ್ನೇ ಮಾತಾಡಿದರು. ಮುದುರಿದ ಕಾಳು ಒಂದು ಕಡೆ, ಬೂಸಲು ಹಿಡಿದದ್ದು ಇನ್ನೊಂದು ಕಡೆ, ಕೈ ತನ್ನಷ್ಟಕ್ಕೆ ತಾನು ಓಡುತ್ತಿತ್ತು.

"ಕೇಳೇ ಬಿಡಾಣ," ಎಂದಳು ಯರ್ರಮ್ಮ. "ನೀರು, ಗುಂಡಿ, ಒಂದು ಗೋಡೆ. ಕುಂತ್ರೆ ಕುಂತಂಗೆ ಇರೋ ಅಂಥ ಜಾಗ. ನನ್ನ ಮಂಡಿ ಮುಗುದೋದ್ವು."

"ಅಷ್ಟು ಮಂದಿ ಗಂಡಸ್ರ ಮುಂದೆ ಆ ಮಾತು ಆಡ್ತೀಯಾ?" ಎಂದಳು ರಾಧಮ್ಮ. ರಾಧಮ್ಮ ಕಾಲೋನಿಯವಳೇ, ಆದರೆ ಮೇಸ್ತ್ರಿಗೆ ಬೇಕಾದವಳು. ಸಾವ್ಕಾರ ಕೆಮ್ಮಿದರೆ ಇವಳು ನೀರು ತರುವವಳು. "ಹೊಟ್ಟೆಗೆ ಹಾಕೋ ಸಾವ್ಕಾರನ ಸಭ್ಯಾಗೆ ಹೊಟ್ಟೆ ಕೆಳಗಿನ ಮಾತು ಯಾಕ್ರೇ ನಿಮಗೆ? ರಾತ್ರಿ ಮುದ್ದೆ ಕಮ್ಮಿ ಉಣ್ಣು. ನಾನು ಉಣ್ಣಲ್ವಾ?"

"ನೀನು ರಾತ್ರಿ ಮುದ್ದೆ ಬಿಟ್ಟು ಬೆಳಿಗ್ಗೆ ಮೇಸ್ತ್ರಿ ಚಿತ್ರಾನ್ನ ತಿಂತೀಯ," ಎಂದಳು ಸುಗ್ರಾ ಬೀ. ರಾಶಿಯ ಸುತ್ತ ನಗು ಹರಿಯಿತು. ರಾಧಮ್ಮ ಬೊಗಸೆ ಸಿಪ್ಪೆ ತೆಗೆದು ಅವಳ ಮೇಲೆ ಎರಚಿದಳು.

ಬುಧವಾರ ಅರ್ಧ ದಿನದ ಕೂಲಿ ಬಿಟ್ಟು ಹೋದರು. ಹತ್ತಕ್ಕೆ ಎಂದಿದ್ದ ಸಭೆ ಊಟದ ಹೊತ್ತಿಗೆ ಶುರುವಾಯಿತು. ಮುಂದೆ ಕುರ್ಚಿ, ಹಿಂದೆ ಜಮಖಾನ. ಯಾರೂ ಹೇಳದೆಯೇ ಕಾಲೋನಿಯವರು ಜಮಖಾನದ ಮೇಲೆ ಕೂತರು. ಪಂಚಾಯಿತಿಯ ಮುಖ್ಯಾಧಿಕಾರಿ ಮೈಸೂರು ಕಡೆಯ ಹುಡುಗ, ಮಾತು ಮೆತ್ತಗೆ. "ಇದು ನಿಮ್ಮ ಊರು, ನಿಮ್ಮ ಹಣ. ನಿರ್ಭಯವಾಗಿ ಸಲಹೆ ಕೊಡಿ," ಎಂದು ಕೈ ಮುಗಿದ.

ಬಟ್ಟೆ ಅಂಗಡಿಯವರು ಊರ ಬಾಗಿಲಿಗೆ ಕಮಾನು ಬೇಕೆಂದರು. ಇನ್ನೊಬ್ಬರು ದೊಡ್ಡ ಕಂಬದ ದೀಪ ಕೇಳಿದರು. ಡಾಕ್ಟರು ಎದ್ದು, ಊರಲ್ಲಿ ಸಕ್ಕರೆ ಕಾಯಿಲೆಯವರು ಹೆಚ್ಚಿದ್ದಾರೆ, ಬೆಳಿಗ್ಗೆ ನಡೆಯಲು ಒಂದು ನೆಟ್ಟಗಿನ ಜಾಗವಿಲ್ಲ ಎಂದರು. ಪಿಂಚಣಿ ಮೇಷ್ಟ್ರು ಚಿತ್ತಪ್ಪನವರು ಹಿರಿಯರಿಗೆ ಕಲ್ಲುಬೆಂಚು ಬೇಕೆಂದರು. ಒಂದೊಂದಕ್ಕೂ ಚಪ್ಪಾಳೆ. ಆಗ ಮುಖ್ಯಾಧಿಕಾರಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಮೂಡಿಸಿದ. ಹಸಿರು ಹುಲ್ಲು, ಸುತ್ತ ಕಬ್ಬಿಣದ ಬೇಲಿ, ನಡುವೆ ಕೆಂಪು ಕಲ್ಲಿನ ದಾರಿ, ದಾರಿಯ ಮೇಲೆ ಬಿಳಿ ಬೂಟಿನ ಜನ.

"ಸಾವ್ಕಾರರ ಲೇಔಟಿಗೂ ಕಾಲೋನಿಗೂ ನಡುವೆ ಜಾಲಿ ಬೆಳೆದು ಹಾಳಾಗಿರುವ ಸರ್ಕಾರಿ ಜಾಗ ಇದೆಯಲ್ಲ, ಅಲ್ಲೇ ಈ ಉದ್ಯಾನ. ಪರಿಶಿಷ್ಟರ ಕಾಲೋನಿಗೆಂದೇ ಮೀಸಲಿಟ್ಟ ಅನುದಾನದಲ್ಲಿ ಮಾಡುತ್ತೇವೆ. ಅಂದರೆ ಇದು ಕಾಲೋನಿಯ ಉದ್ಯಾನ."

ಎಲ್ಲರೂ ಹಿಂದಕ್ಕೆ ತಿರುಗಿ ಕಾಲೋನಿಯವರ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಯರ್ರಮ್ಮ ಗೋಡೆ ಹಿಡಿದು ಎದ್ದಳು. ರಾಧಮ್ಮ ಕೆಳಗಿನಿಂದ ಸೀರೆ ಎಳೆಯುತ್ತಲೇ ಇದ್ದಳು.

"ಸ್ವಾಮಿ, ಅಲ್ಲಿ ಪಾರ್ಕು ಆದ್ರೆ ನಾವು ಎಲ್ಲಿಗ್ ಹೋಗಾಣ?"

"ಪಾರ್ಕಿಗೇ ಬನ್ನಿ ಅಮ್ಮ. ನಿಮಗೂ ಸೇರಿದ್ದು ಅದು."

ಮುಂದಿನ ಕುರ್ಚಿಗಳಲ್ಲಿ ನಗು ಸಿಡಿಯಿತು. ಡಾಕ್ಟರು ಕರ್ಚೀಫು ಮೂಗಿಗೆ ಹಿಡಿದರು. ಹುಡುಗ ಏಕೆಂದು ತಿಳಿಯದೆ ಅತ್ತಿತ್ತ ನೋಡಿದ. ಯಾರೋ ಕಿವಿಯಲ್ಲಿ ಉಸುರಿದರು, ಅವನ ಕಿವಿ ಕೆಂಪಾಯಿತು.

ಆ ನಗು ಯರ್ರಮ್ಮನಿಗೆ ಒಳ್ಳೆಯದೇ ಮಾಡಿತು. ಮರ್ಯಾದೆಯ ಮಾತು ಹುಡುಕುವ ಕಷ್ಟ ತಪ್ಪಿತು.

"ಬೆಳಿಗ್ಗೆ ಹೇಲಾಕೆ ಹೋಗ್ತೀವಿ ಸ್ವಾಮಿ ಅಲ್ಲಿಗೆ. ಕಾಲೋನಿ ಹೆಂಗಸ್ರು, ಸಾಬ್ರ ಓಣಿ ಹೆಂಗಸ್ರು, ಎಲ್ಲಾರೂ. ಹುಟ್ಟಿದಾಗ್ನಿಂದ ಹೋಗ್ತೀವಿ. ಗಾಡಿ ಬೆಳಕು ಬಿದ್ದಾಗೆಲ್ಲಾ ಅರ್ಧಕ್ಕೇ ಎದ್ದು ನಿಂದ್ರಬೇಕು. ನನಗಿನ್ನ ಆಗಲ್ಲ. ನಮ್ಮ ದುಡ್ಡು ಅಂದ್ರಲ್ಲ, ಅದ್ರಾಗೆ ನಮಗೆ ಪಾಯಿಖಾನೆ ಕಟ್ಸಿ, ನೀರು ಬಿಡ್ರಿ. ಹುಲ್ಲು ಬ್ಯಾಡ."

"ಲೇ, ಕುಂತ್ಕಳೇ!" ಎರ್ರಿಸ್ವಾಮಿ ವೇದಿಕೆಯಿಂದ ಗದರಿದ. "ಎಲ್ಲಿ ಏನು ಮಾತಾಡ್ಬೇಕು ಅನ್ನೋ ಜ್ಞಾನ ಬ್ಯಾಡವಾ? ಅನ್ನ ಉಣ್ಣೋ ಹೊತ್ತು ಐತಿದು."

ಹುಡುಗ ಅವನನ್ನು ಕೈಸನ್ನೆಯಲ್ಲಿ ತಡೆದ. ಮೆತ್ತಗೆ ಬಿಡಿಸಿ ಹೇಳಿದ.

"ಅಮ್ಮ, ನಿಮ್ಮ ಕಾಲೋನಿಯಲ್ಲಿ ಪ್ರತಿ ಮನೆಗೂ ಶೌಚಾಲಯ ಇದೆ. ನೀವೇ ಬಳಸ್ತೀವಿ ಅಂತ ಹೇಳಿದ್ದೀರಿ. ಆ ಆಧಾರದ ಮೇಲೇ ಊರಿಗೆ ಪ್ರಮಾಣಪತ್ರ ಬಂದಿದೆ. ಈಗ ಮತ್ತೆ ಶೌಚಾಲಯಕ್ಕೆ ಹಣ ಇಟ್ಟರೆ, ಮೊದಲು ಇರಲಿಲ್ಲ ಅಂತ ಆಗುತ್ತೆ. ಪ್ರಮಾಣಪತ್ರವೂ ಹೋಗುತ್ತೆ, ಮುಂದಿನ ಅನುದಾನವೂ ಹೋಗುತ್ತೆ."

"ಹಂಗಾದ್ರೆ ನಾವು ದಿನಾ ಹೋಗ್ತೀವಲ್ಲ, ಅದೇನು ಸ್ವಾಮಿ?"

"ದಾಖಲೆಯ ಪ್ರಕಾರ ನೀವು ಹೋಗ್ತಿಲ್ಲ ಅಮ್ಮ."

ಅದನ್ನು ಅವನು ಬೇಸರದಿಂದಲೇ ಹೇಳಿದ, ಸೊಕ್ಕಿನಿಂದಲ್ಲ. ಯರ್ರಮ್ಮನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ತಾಗಿತು. ಬೈದವನಾದರೂ ಅವಳನ್ನು ಕಂಡಿದ್ದ.

"ಅರೇ ಸಾಬ್," ಎಂದು ಸುಗ್ರಾ ಬೀ ಕೂತಲ್ಲಿಂದಲೇ ಕೂಗಿದಳು, "ಆ ದಾಖಲೇನ ಒಂದಿನ ನಮ್ಮ ಜೊತಿಗೆ ಕಳ್ಸಿಕೊಡ್ರಿ, ಜಾಲಿ ಮುಳ್ಳು ತೋರಿಸ್ತೀವಿ."

"ವಾರ್ಡಿನ ಸದಸ್ಯರ ಅಭಿಪ್ರಾಯ?" ಎಂದು ಹುಡುಗ ಕೇಳಿದ. ನಿರ್ಮಲಾ ವೇದಿಕೆಯ ಮೂಲೆಯಲ್ಲಿ ಕೂತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳನ್ನು ಮೆಳೆಗೆ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವಳು ಯರ್ರಮ್ಮ. ಅವಳು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ನಿಂತಿದ್ದ ತಿಪ್ಪೇರುದ್ರ, "ಮೇಡಂ ಒಪ್ಪ್ಯಾರೆ ಸಾರ್," ಎಂದ. ಎರ್ರಿಸ್ವಾಮಿ ಮೇಜು ಕುಟ್ಟಿದ. ಮುಗಿಯಿತು.

ಚಾ ಬಂದಾಗ ಫೋಟೋದವನು ಜಮಖಾನದ ಹತ್ತಿರ ಬಂದ. "ಎಲ್ಲಾ ಒಂದ್ಸಲ ಕೈ ಎತ್ರಮ್ಮ. ಹಾಂ, ಸಲಹೆ ಕೊಡೋ ಥರ. ಅಜ್ಜಿ, ಸ್ವಲ್ಪ ನಗು." ಅಭ್ಯಾಸಕ್ಕೆ ಎಲ್ಲರೂ ಕೈ ಎತ್ತಿದರು. ಮಾರನೆಯ ದಿನ ಮಿಲ್ಲಿನ ಮೇಸ್ತ್ರಿ ಪೇಪರು ತೋರಿಸಿ ಓದಿದ: ಉದ್ಯಾನಕ್ಕೆ ಕಾಲೋನಿ ಮಹಿಳೆಯರ ಉತ್ಸಾಹದ ಬೆಂಬಲ.

"ನೋಡೇ," ಎಂದಳು ರಾಧಮ್ಮ, "ನನ್ನ ಮುಖ ಎಷ್ಟು ಚೆಂದ ಬಿದ್ದೈತೆ."

ಯುಗಾದಿ ಮುಗಿದ ವಾರ ಜೆಸಿಬಿ ಬಂತು. ಅವರ ಅವ್ವಂದಿರ ಕಾಲದಿಂದ ಇದ್ದ ಮೆಳೆ ಒಂದು ಹಗಲಿನಲ್ಲಿ ಬೇರು ಮೇಲಾಗಿ ಬಿತ್ತು. ಬಿದ್ದ ಜಾಲಿಯನ್ನು ಇದ್ದಿಲಿಗೆ ಕೊಟ್ಟರು. ಮುಂಗಾರಿಗೆ ಹುಲ್ಲು ಹಾಕಿದರು. ಕಾಲೋನಿಗೆ ವಾರಕ್ಕೊಮ್ಮೆ ಬರುತ್ತಿದ್ದ ನೀರು ಹುಲ್ಲಿಗೆ ದಿನವೂ ಬಂತು. ಬೇಲಿ ಎದ್ದಿತು, ಗೇಟು ಕೂತಿತು, ಗೇಟಿಗೊಬ್ಬ ಕಾವಲಿನವನೂ ಬಂದ.

ಹೆಂಗಸರು ಬೈಪಾಸಿನ ಮೋರಿಯ ಕಡೆ ಹೊರಳಿದರು. ಅಲ್ಲಿ ಮರೆ ಎನ್ನುವುದಿಲ್ಲ. ಬಳ್ಳಾರಿ ಲಾರಿಗಳು ಬೇಕೆಂದೇ ನಿಧಾನ ಮಾಡಿ, ಬೆಳಕು ಏರಿಸಿ ಹಾರನ್ನು ಬಾರಿಸುತ್ತಿದ್ದವು. ಏಳುವುದು, ಕೂರುವುದು, ಏಳುವುದು. ಶ್ರಾವಣದಲ್ಲಿ ಸೂರಮ್ಮ ಎನ್ನುವ ಮುದುಕಿ ಬೆಳಕಿಗೆ ಬೆದರಿ ಎದ್ದವಳು ಮೋರಿಯೊಳಕ್ಕೆ ಉರುಳಿದಳು. ಸೊಂಟದ ಮೂಳೆ ಮುರಿಯಿತು. ಚಳ್ಳಕೆರೆ ಆಸ್ಪತ್ರೆಯಿಂದ ಬಂದವಳು ಚಾಪೆ ಬಿಟ್ಟು ಏಳಲಿಲ್ಲ. "ಈಗ ನೋಡೇ ಯರ್ರಿ, ಕುಂತಲ್ಲೇ ಎಲ್ಲಾ. ಮಾಡಿಸೋರು ಬೈಕಂಡಾದ್ರೂ ಮಾಡಿಸ್ತಾರೆ. ಏಳೋ ಕಷ್ಟ ಇಲ್ಲ ದೇವುಡಾ," ಎಂದು ಅವಳು ನಕ್ಕಾಗ ಯರ್ರಮ್ಮ ಅವಳ ಕಾಲಿನಿಂದ ಜಾರಿದ್ದ ಕಂಬಳಿಯನ್ನು ಎಳೆದು ಮುಚ್ಚಿದಳು.

ಅಲ್ಲಿಂದೀಚೆಗೆ ಯರ್ರಮ್ಮನಿಗೆ ಮೋರಿಯ ತನಕ ನಡೆಯುವುದೇ ಆಗದಾಯಿತು. ಉಣ್ಣುವುದನ್ನು ಇಳಿಸಿದಳು. ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುವುದನ್ನು ಬಿಟ್ಟಳು. ಕಿಬ್ಬೊಟ್ಟೆಯಲ್ಲಿ ಉರಿ ಕೂತಿತು. ಮೊಳಕಾಲ್ಮೂರಿನ ನರ್ಸಮ್ಮ ಮಾತ್ರೆ ಕೊಟ್ಟು, "ನೀರು ಚೆನ್ನಾಗಿ ಕುಡಿ ಅಜ್ಜಿ," ಎಂದಳು.

ದೀಪಾವಳಿ ಕಳೆದ ಒಂದು ನಸುಕಿನಲ್ಲಿ ಅವಳಿಂದ ತಡೆಯಲಾಗಲಿಲ್ಲ. ಪಾರ್ಕಿನ ಬೇಲಿಯ ಒಂದು ಸರಳು ಕಿತ್ತುಹೋಗಿದ್ದ ಕಡೆ ನುಗ್ಗಿ, ಕೆಂಪು ಕಲ್ಲಿನ ದಾರಿಯ ಪಕ್ಕದ ಹುಲ್ಲಿನಲ್ಲಿ ಕೂತಳು. ಮೆತ್ತಗಿತ್ತು, ಮುಳ್ಳಿರಲಿಲ್ಲ. ಅಷ್ಟರಲ್ಲಿ ಕೈಬ್ಯಾಟರಿಯ ಬೆಳಕು ಮುಖಕ್ಕೆ ಬಿತ್ತು.

"ಯಾರದು? ಏಳು! ಏಳು ಮೇಲೆ!" ಚಿತ್ತಪ್ಪ ಮೇಷ್ಟ್ರ ದನಿ.

ಏಳಲು ನೋಡಿದಳು. ಮಂಡಿ ಏಳಲಿಲ್ಲ. ಹಿಡಿದುಕೊಳ್ಳಲು ಸುಗ್ರಾ ಬೀ ಇರಲಿಲ್ಲ, ಗೋಡೆಯಿರಲಿಲ್ಲ. ಮತ್ತೊಮ್ಮೆ ನೋಡಿದಳು. ಆಮೇಲೆ ನೋಡುವುದನ್ನು ಬಿಟ್ಟಳು. ಕೂತಳು. ಬೆಳಕು ಅವಳ ಮುಖದ ಮೇಲೆಯೇ ಇತ್ತು.

"ಏಳಮ್ಮ, ನಾಚಿಕೆ ಆಗಲ್ವಾ?" ಈಗ ದನಿ ಸ್ವಲ್ಪ ಇಳಿದಿತ್ತು.

ಬೆಳಕು ನಡುಗಿತು, ಕಾಲಿನ ಕಡೆಗೆ ಇಳಿಯಿತು, ಆರಿತು. ಮೇಷ್ಟ್ರು ಕೆಮ್ಮಿದರು. ಬೂಟಿನ ಸದ್ದು ಬಂದ ದಾರಿಯಲ್ಲೇ ಬೇಗ ಬೇಗ ವಾಪಸು ಹೋಯಿತು.

ಯರ್ರಮ್ಮ ಕೂತೇ ಇದ್ದಳು. ಅವಳ ಜನ್ಮದಲ್ಲಿ ಗಂಡಸಿನ ಬೆಳಕು ಬಿದ್ದಾಗ ಏಳದೆ ಕೂತದ್ದು ಅದೇ ಮೊದಲು. ಆಕಾಶ ಕಳಚಿ ಬೀಳಲಿಲ್ಲ. ಓಡಿಹೋದವನು ಅವನು.

ಬೇಲಿಯ ತನಕ ತೆವಳಿ, ಸರಳು ಹಿಡಿದು ಎದ್ದು ಮನೆ ಸೇರಿದಳು. ಇದನ್ನು ಅವಳು ಮಿಲ್ಲಿನಲ್ಲಿ ಯಾರಿಗೂ ದೊಡ್ಡದಾಗಿ ಹೇಳಲಿಲ್ಲ. ಸುಗ್ರಾ ಬೀಗೆ ಹೇಳಿದಳು. ಸುಗ್ರಾ ಬೀಗೆ ಹೇಳಿದರೆ ಆಟೋದ ಮೈಕಿಗೆ ಹೇಳಿದ ಹಾಗೆ.

ಅದೇ ವಾರ ಆಟೋದ ಮೈಕೂ ಬಂತು. ಹೊಸ ವರ್ಷದ ಆಯವ್ಯಯಕ್ಕೆ ಈ ಸಲ ಹೊಸ ಬಗೆಯ ಸಭೆ, ಸೋಮವಾರ ಬೆಳಿಗ್ಗೆ ಉದ್ಯಾನದಲ್ಲಿ ಅಧ್ಯಕ್ಷರು, ಅಧಿಕಾರಿಗಳು ನಾಗರಿಕರ ಜೊತೆ ನಡೆಯುತ್ತಾ ಸಲಹೆ ಕೇಳುತ್ತಾರೆ, ಎಲ್ಲರೂ ಬನ್ನಿ.

"ಕರೆದಾರೆ ಕಣ್ರೇ," ಎಂದಳು ಯರ್ರಮ್ಮ ರಾಶಿಯ ಮುಂದೆ. "ಹೋಗಾಣ."

"ಹೋಗಿ?" ಎಂದಳು ಒಬ್ಬಳು.

"ಹೋಗಿ ಕುಂತ್ಕಳಾಣ. ಬೆಳಕು ಬಿದ್ರೆ ಏಳದು ಬ್ಯಾಡ. ಅಷ್ಟೇ."

ರಾಶಿಯ ಸುತ್ತ ಕೈಗಳು ಬೇಗ ಬೇಗ ಕಾಳನ್ನು ಬುಟ್ಟಿಗೆ ಹಾಕಿದವು.

"ಹುಚ್ಚು ಹಿಡಿದೈತೆ ನಿನಗೆ," ಎಂದಳು ರಾಧಮ್ಮ. "ಈಗ ಹೊಸ ಶೇಂಗಾ ಬರೋ ಕಾಲ. ಮೂರು ತಿಂಗ್ಳು ಕೆಲ್ಸ ಇರೋದೇ ಈಗ. ಸಾವ್ಕಾರ ಒಬ್ಬೊಬ್ಬರ್ನೂ ಗುರುತು ಹಿಡೀತಾನೆ. ಆಮ್ಯಾಲೆ ಏನು ತಿಂತೀರಿ?"

"ತಿಂದ್ರೆ ತಾನೇ ಹೋಗೋ ತಾಪತ್ರಯ," ಎಂದಳು ಸುಗ್ರಾ ಬೀ. ಯಾರೂ ನಗಲಿಲ್ಲ.

ಸೋಮವಾರ ಮಂಜು ಬಿದ್ದಿತ್ತು. ಕತ್ತಲು ಬೆಳಕಾಗುವ ಹೊತ್ತಿಗೆ ಕಾಲೋನಿಯಿಂದಲೂ ಸಾಬರ ಓಣಿಯಿಂದಲೂ ಹೆಂಗಸರು ಚೊಂಬು, ಡಬ್ಬಿ, ಬಾಟ್ಲಿ ಹಿಡಿದು ಬಂದರು. ಕಾವಲಿನವನು, "ಏಯ್, ಗೇಟು ಸಭೆಗೆ ತೆಗ್ದಿರೋದು," ಎಂದ. "ಸಭೆಗೇ ಬಂದಿರದು ಕಣಪ್ಪ," ಎಂದಳು ಯರ್ರಮ್ಮ. ಕೆಂಪು ಕಲ್ಲಿನ ದಾರಿಯ ಎರಡೂ ಬದಿಯಲ್ಲಿ ಸಾಲಾಗಿ ಕೂತರು. ಒಬ್ಬಳು ಸಣ್ಣಗೆ ಅಳುತ್ತಿದ್ದಳು. ಮತ್ತೊಬ್ಬಳು, "ಸುಮ್ಕಿರೇ, ಅತ್ರೆ ಬರೋದೂ ಬರಲ್ಲ," ಎಂದು ಗದರಿದಳು.

ಮೊದಲು ಮಾತು ಕೇಳಿಸಿತು, ಆಮೇಲೆ ಬೆಳಕು ಕಾಣಿಸಿತು. ಡಾಕ್ಟರು, ಬಟ್ಟೆ ಅಂಗಡಿಯವರು, ಚಿತ್ತಪ್ಪ ಮೇಷ್ಟ್ರು, ತಿಪ್ಪೇರುದ್ರ, ಅವನ ಹಿಂದೆ ನಿರ್ಮಲಾ, ನಡುವೆ ಮುಖ್ಯಾಧಿಕಾರಿ, ಮುಂದೆ ಎರ್ರಿಸ್ವಾಮಿ. ಫೋಟೋದವನೂ ಇದ್ದ.

"ಏಳ್ರೇ!"

ಯಾರೂ ಏಳಲಿಲ್ಲ. ಬೆನ್ನು ಮಾಡಲಿಲ್ಲ. ಸೆರಗು ಮುಖಕ್ಕೆ ಹೋಗಲಿಲ್ಲ. ಸಾಲಿನ ತುಂಬ ಮುಖಗಳು, ಬೆಳಕಿಗೆ ಎದುರಾಗಿ.

"ಏಳ್ರೇ ಬೋಸುಡೇರಾ! ಲೇ ಯರ್ರಿ, ನೀನಾ? ನಿನ್ನವ್ವನ್, ನನ್ನ ಉಪ್ಪು ತಿಂದು..."

"ಉಪ್ಪು ತಿಂದಿದ್ದೇ ಹೊರಗೆ ಹೊಂಟೈತೆ ಸಾವ್ಕಾರ್ರೇ," ಎಂದಳು ಯರ್ರಮ್ಮ. ದನಿ ಅವಳದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. "ಸಲಹೆ ಕೇಳಾಕೆ ಬಂದೀರಲ್ಲ, ಕೇಳ್ರಿ. ಹತ್ತಿರ ಬರ್ರಿ."

"ಬರ್ಕಳ್ರಿ ಸಾಬ್," ಎಂದು ಸುಗ್ರಾ ಬೀ ಮುಖ್ಯಾಧಿಕಾರಿಯನ್ನು ಕರೆದಳು. "ಇಲ್ಲಿ ಯಾರೂ ಇಲ್ಲ ಅಂತ ಬರ್ಕಳ್ರಿ. ಇಲ್ದೋರನ್ನ ಎಬ್ಬಿಸ್ತಾ ನಿಮ್ಮ ಅಧ್ಯಕ್ಷರು ಗಂಟಲು ಹರ್ಕಂತಾರೆ."

ಮೊದಲು ತಿರುಗಿದವರು ಚಿತ್ತಪ್ಪ ಮೇಷ್ಟ್ರು. ಅವರಿಗೆ ದಾರಿ ಗೊತ್ತಿತ್ತು. ಡಾಕ್ಟರು ಕರ್ಚೀಫು ತೆಗೆದರು. ಬಟ್ಟೆ ಅಂಗಡಿಯವರು ಫೋಟೋದವನ ಕ್ಯಾಮೆರಾವನ್ನು ಕೈಯಿಂದ ಮುಚ್ಚಿ ಅವನನ್ನೂ ಎಳೆದುಕೊಂಡು ಹೋದರು. ಮುಖ್ಯಾಧಿಕಾರಿ ಕೈಯಲ್ಲಿದ್ದ ಕಾಗದ ಮಡಚಿ ಜೇಬಿಗಿಟ್ಟು ಗೇಟಿನ ಕಡೆ ನಡೆದ. ತಿಪ್ಪೇರುದ್ರ, "ಮೇಡಂ, ಬರ್ರಿ," ಎಂದ. ನಿರ್ಮಲಾ ಸಾಲಿನಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಯರ್ರಮ್ಮನ ಮುಖ ಬಂದಾಗ ಕಣ್ಣು ತಪ್ಪಿಸಿದಳು, ಹೋದಳು.

ಎರ್ರಿಸ್ವಾಮಿ ಒಬ್ಬನೇ ಉಳಿದ. ಒಬ್ಬನೇ ಆದ ಮೇಲೆ ಬೈಯಲು ಆಗಲಿಲ್ಲ. ಕೂತವರ ನಡುವೆ ನಿಂತವನು ಅವನೊಬ್ಬನೇ ಆಗಿದ್ದ. "ನೋಡ್ಕಂತೀನಿ," ಎಂದು ಹೊರಟ. ಬೂಟಿಗೆ ಏನೋ ಮೆತ್ತಿತು. ಗೇಟಿನ ತನಕ ಕಾಲನ್ನು ಹುಲ್ಲಿಗೆ ಒರೆಸುತ್ತಲೇ ಹೋದ.

ಮಂಗಳವಾರ, ಬುಧವಾರ ಏನೂ ಆಗಲಿಲ್ಲ. ಪೇಪರಿನಲ್ಲಿ ಸಭೆಯ ಸುದ್ದಿ ಬರಲಿಲ್ಲ. ಬೇಲಿಯ ಕಿತ್ತ ಸರಳನ್ನು ಬೆಸೆದರು. ಹೆಂಗಸರು ಎರಡು ದಿನವೂ ಗೇಟಿನಿಂದಲೇ ಹೋದರು. ನಡೆಯುವವರು ಬರಲಿಲ್ಲ. ಪಾಯಿಖಾನೆಯ ಮಾತನ್ನು ಯಾರೂ ಎತ್ತಲಿಲ್ಲ.

ಚಳ್ಳಕೆರೆ ಕಡೆಯಿಂದ ಲಾರಿಗಳಲ್ಲಿ ಹೊಸ ಶೇಂಗಾ ಬಂದು ಮಿಲ್ಲಿನಲ್ಲಿ ಗುಡ್ಡೆ ಬಿದ್ದಿತ್ತು. ಎರಡು ದಿನ ಆರಿಸಿದ ಮೇಲೆ, ಗುರುವಾರ ಎರ್ರಿಸ್ವಾಮಿ ಬಂದು ಬಾಗಿಲಲ್ಲಿ ನಿಂತ. ಶುಕ್ರವಾರದಿಂದ ಬರಲು ರಾಂಪುರದ ಬೇರೆ ಹೆಂಗಸರನ್ನು ಗೊತ್ತು ಮಾಡಿದ್ದಾನೆ ಎಂದು ಮೇಸ್ತ್ರಿ ಆಗಲೇ ಹೇಳಿದ್ದ.

"ಸೋಮವಾರ ಕುಂತಿದ್ದೋರು ಎದ್ದು ಹೊರಗೆ ನಡೀರಿ."

ಯರ್ರಮ್ಮ ಬುಟ್ಟಿ ಪಕ್ಕಕ್ಕಿಟ್ಟಳು. ಸುಗ್ರಾ ಬೀ ತೋಳು ಕೊಟ್ಟಳು. ಒಬ್ಬೊಬ್ಬರಾಗಿ ಮಡಿಲ ಸಿಪ್ಪೆ ಕೊಡವಿಕೊಂಡು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಎಲ್ಲಿಗೆ ಹೋಗಬೇಕೆಂದು ಯಾರಿಗೂ ತಿಳಿಯಲಿಲ್ಲ.

"ನಾನು ಬಂದಿರ್ಲಿಲ್ಲ ಸಾವ್ಕಾರ್ರೇ," ಎನ್ನುವ ರಾಧಮ್ಮನ ದನಿ ಒಳಗಿನಿಂದ ಕೇಳಿಸಿತು.

"ಗೊತ್ತು. ನೀನು ಕುಂತ್ಕ."

ನೆರಳು ಮರದ ಬುಡಕ್ಕೆ ಬರುವ ತನಕ ಅವರು ಅಲ್ಲೇ ಇದ್ದರು. ಅವರು ಅಲ್ಲಿರುವಾಗಲೇ ರಾಧಮ್ಮ ಹೊರಗೆ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು.

"ನೀನ್ಯಾಕೆ ಬಂದ್ಯೇ?" ಎಂದಳು ಯರ್ರಮ್ಮ.

"ಆ ಗುಡ್ಡೆ ನೋಡೀಯಾ? ಒಬ್ಬಳೇ ಆರಿಸಾಕೆ ನನಗೇನು ಕರ್ಮ," ಎಂದು ರಾಧಮ್ಮ ಸಿಡುಕಿದಳು. ಮರಕ್ಕೆ ಬೆನ್ನು ಕೊಟ್ಟು ಕೂತು, ಮಡಿಲಲ್ಲಿ ಉಳಿದಿದ್ದ ನಾಲ್ಕು ಶೇಂಗಾ ಬಿಡಿಸಿ ಯರ್ರಮ್ಮನ ಕೈಗೆ ಹಾಕಿದಳು.

ಆ ದಿನ ಮಿಲ್ಲು ಬಿಟ್ಟು ಬಂದವರಲ್ಲಿ ಅವಳೇ ಕಡೆಯವಳು.